ಹದಿನೆಂಟು ಉಗುರು

ಜುಫೈರ್, ಬಹರೈನ್
12 ಡಿಸೆಂಬರ್ 2024

ನವನೀತ,

ಫೋನಾದರೆ ನೀನು ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲಿಕ್ಕೆ ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕೆಳಗಿನ ಮಹಡಿಯ ಡೆನ್ನಿಸ್ ಮುಂದಿನ ವಾರ ಪ್ರವಾಸಿಗರ ಗುಂಪು ಕಟ್ಟಿಕೊಂಡು ನಿಮ್ಮ ಕೀನ್ಯಾಕ್ಕೇ ಬರುತ್ತಾನಂತೆ. ಅವನ ಕೈಯಲ್ಲಿ ಇದನ್ನೂ ಒಂದು ಡಬ್ಬಿ ಚಕ್ಕುಲಿಯನ್ನೂ ಕೊಟ್ಟಿದ್ದೇನೆ. ಚಕ್ಕುಲಿ ತಿನ್ನುವಾಗಲಾದರೂ ಓದು.

ನಿನ್ನ ಅಕ್ಕ ರಮ್ಯಶ್ರೀ ಹೆತ್ತು ನಲವತ್ತು ದಿನ ಕಳೆಯಿತು. ಗಂಡು ಮಗು. ಮೂಗು ನಿನ್ನದೇ, ಹಟವೂ ನಿನ್ನದೇ. ಎಲ್ಲ ಸರಿಯಿದೆ, ಒಂದು ಬಿಟ್ಟು. ಮಗು ನಿದ್ದೆಯಲ್ಲಿ ಬೆಚ್ಚುತ್ತದೆ. ಯಾರೋ ಎತ್ತಿಕೊಂಡು ಹೋಗುತ್ತಿದ್ದಾರೇನೋ ಎಂಬಂತೆ ಎರಡೂ ಕೈ ಮೇಲೆತ್ತಿ ಕಿರುಚುತ್ತದೆ. ಡಾಕ್ಟರಮ್ಮ ‘ಎಲ್ಲ ಮಕ್ಕಳೂ ಹಾಗೇ’ ಅಂದರು. ಮೊದಲನೆಯದಕ್ಕೂ ಅವರು ಹಾಗೇ ಅಂದಿದ್ದರು. ಅದು ಮಲಗಿದಲ್ಲೇ ತಣ್ಣಗಾಯಿತು. ನೀನು ಆಗಲೂ ಬರಲಿಲ್ಲ.

ನಿನಗೆ ಹಾಕಿದ್ದ ಹುಲಿಯುಗುರು ನೆನಪುಂಟಾ? ನಿನ್ನ ಅಜ್ಜನ ಕಾಲದ್ದು, ಅಪ್ಪನೇ ಬಂಗಾರದಲ್ಲಿ ಕಟ್ಟಿದ್ದು. ನೀನು ಅದನ್ನು ಕಚ್ಚಿ ಕಚ್ಚಿಯೇ ಹಲ್ಲು ಬರಿಸಿಕೊಂಡವನು. ಮೊದಲ ಮಗುವಿಗೆ ಅದನ್ನು ಊರಿನಿಂದ ತರಿಸುವ ಅಂದರೆ ಅಳಿಯ ಹೆದರಿದರು, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ ಅಂತ. ಹೋದ ವರ್ಷ ಊರಲ್ಲಿ ಹುಲಿಯುಗುರು ಇದ್ದವರನ್ನೆಲ್ಲ ಫಾರೆಸ್ಟಿನವರು ಹಿಡಿಯಲು ಶುರು ಮಾಡಿದಾಗ ನಿನ್ನ ದೊಡ್ಡಮ್ಮ ಬಂಗಾರ ಬಿಡಿಸಿಟ್ಟುಕೊಂಡು ಉಗುರನ್ನು ಹೊಳೆಗೆ ಎಸೆದಳಂತೆ. ಬಂಗಾರ ಎಸೆಯಲಿಕ್ಕೆ ಅವಳ ಕೈ ಬರಲಿಲ್ಲ ನೋಡು.

ಅಪ್ಪನ ಕೈಕೆಲಸ ನಿನಗೆ ಗೊತ್ತೇ ಉಂಟು. ಮನಾಮಾದ ಚಿನ್ನದ ಅಂಗಡಿಗೆ ಬಂದು ಹುಲಿಯುಗುರು ಕೇಳುವವರಿಗೆಲ್ಲ ಕೋಣದ ಕೊಂಬನ್ನು ಅರೆದು ಮಾಡಿಕೊಡುತ್ತಾರೆ. ಪಕ್ಕದಲ್ಲಿಟ್ಟರೆ ಹುಲಿಗೇ ಗುರುತು ಹತ್ತಲಿಕ್ಕಿಲ್ಲ. ಗಿರಾಕಿಗಳಿಗೆ ಅದು ಸಾಕು, ನಮ್ಮ ಮಗುವಿಗೆ ಕೊಂಬು ಕಟ್ಟಲೇ? ಎರಡು ಉಗುರು ಕಳಿಸು. ಹುಲಿಯದ್ದಿಲ್ಲದಿದ್ದರೆ ಸಿಂಹದ್ದು. ದೇವಿ ಎರಡರ ಮೇಲೂ ಕೂರುತ್ತಾಳೆ. ಅಷ್ಟು ಸಿಂಹಗಳ ನಡುವೆ ಕೂತಿದ್ದೀಯ, ಎರಡು ಉಗುರು ನಿನಗೆ ಯಾವ ಲೆಕ್ಕ?

ನಿನ್ನ ಅಮ್ಮ
ಉಮಾವತಿ

ಡೇರೆ ಶಿಬಿರ, ಕೀನ್ಯಾ
4 ಜನವರಿ 2025

ಅಮ್ಮಾ,

ಚಕ್ಕುಲಿ ಮುಗಿಯಿತು. ಕಾಗದವನ್ನು ಎರಡು ಸಲ ಓದಿದೆ. ಆಗುವುದಿಲ್ಲ.

ಮಗನಿಗೆ ಜೂದಲ್ಲಿ ಕೆಲಸ ಎಂದು ನೀನು ಎಲ್ಲರಿಗೂ ಹೇಳುತ್ತೀಯಂತೆ. ಜೂ ಅಲ್ಲಮ್ಮ ಇದು. ಮಸಾಯಿ ಜನರು ದನ ಮೇಯಿಸುವ ಸ್ವಂತ ನೆಲ. ಅದನ್ನು ಕಾಡುಪ್ರಾಣಿಗಳಿಗೂ ಬಿಟ್ಟುಕೊಟ್ಟಿದ್ದಾರೆ. ಶಿಬಿರದಲ್ಲಿ ಕೆಲವೇ ಡೇರೆಗಳು, ಬರುವವರು ಕೊಡುವುದರಲ್ಲಿ ಮನೆಮನೆಗೂ ಪಾಲು ಹೋಗುತ್ತದೆ. ಶಾಲೆ ನಡೆಯುವುದು, ನೀರಿನ ಪಂಪು ತಿರುಗುವುದು ಅದರಿಂದಲೇ. ಸಿಂಹ ಹಸುವನ್ನು ಹಿಡಿದಾಗ ಜನ ಸಿಟ್ಟು ನುಂಗಿಕೊಳ್ಳುವುದೂ ಆ ಒಂದು ಆಸೆಯಿಂದ. ನಿಮ್ಮ ಬಹರೈನಿನ ಗುಂಪಿನವರಿಗೆ ಇದೆಲ್ಲ ಬೇಡ. ‘ಇನ್ನೂ ಹತ್ತಿರ, ಇನ್ನೂ ಹತ್ತಿರ’ ಎಂದು ಚಾಲಕನ ಹೆಗಲು ತಟ್ಟುತ್ತಾರೆ. ಇಲ್ಲಿನ ಉಸ್ತುವಾರಿ ನನ್ನದು, ಒಂದು ಸಿಂಹದ ಸುತ್ತ ಐದು ಜೀಪಿಗಿಂತ ಹೆಚ್ಚು ನಿಲ್ಲಲು ನಾನು ಬಿಡುವುದಿಲ್ಲ. ಹೋದ ಗುಂಪು ನನ್ನ ಮೇಲೆ ದೂರು ಬರೆದಿಟ್ಟು ಹೋಗಿದೆ. ಸೊಕ್ಕಿನವನಂತೆ ನಾನು.

ಇಲ್ಲೊಂದು ಸಿಂಹಿಣಿ ಇದೆ. ಬಲಗಿವಿ ಹರಿದಿದೆ. ಹೆಸರು ನಾಸೆರಿಯನ್, ಶಾಂತ ಸ್ವಭಾವದವಳು ಎಂದು ಅರ್ಥ. ಮೂರು ಮರಿಗಳು. ಹೆಸರಿಗೆ ಮಾತ್ರ ಶಾಂತೆ. ಹೋದ ಮಳೆಗಾಲದಲ್ಲಿ ಲೆಮಾಯನ್‌ನ ತಾಯಿಯ ಹಾಲು ಕರೆಯುವ ಹಸುವನ್ನೇ ಕೊಂದಳು. ಲೆಮಾಯನ್ ನಮ್ಮ ಕಾವಲುಗಾರ, ನನ್ನ ಗೆಳೆಯ. ಇಲ್ಲಿ ನನಗೆ ಇರುವ ಒಬ್ಬನೇ ಗೆಳೆಯ ಎಂದರೂ ಸರಿ. ಮುದುಕಿ ಸೇಡು ತೀರಿಸಿ ಎಂದು ಊರ ಗಂಡಸರನ್ನೆಲ್ಲ ಕೂಗಿ ಕರೆದಾಗ ಇವನು ತಾಯಿಯ ಎದುರು ಅಡ್ಡ ನಿಂತು ಬೇಡ ಎಂದ. ತಾಯಿ ಅವನೊಡನೆ ತಿಂಗಳುಗಟ್ಟಲೆ ಮಾತು ಬಿಟ್ಟಳು. ನಾಸೆರಿಯನ್ ಇವತ್ತು ಬದುಕಿರುವುದು ಅವನಿಂದ. ಈಗ ಅವನ ಹೆಂಡತಿ ನಸೀಕು ಬಸುರಿ.

ಉಗುರು ಎಂದರೆ ನಮ್ಮ ಹಾಗೆ ಕತ್ತರಿಸಿ ಎಸೆಯುವಂಥದ್ದಲ್ಲ. ಬೆರಳಿನ ತುದಿ ಮೂಳೆಯನ್ನೇ ಕೊಯ್ದು ತೆಗೆಯಬೇಕು. ನಮ್ಮಲ್ಲಿ ಸತ್ತ ಸಿಂಹ ಸಿಕ್ಕಿದರೆ ಮೊದಲು ಯಾರೂ ಮುಟ್ಟುವ ಹಾಗಿಲ್ಲ. ನಾನು ಹೋಗಿ ಹದಿನೆಂಟು ಉಗುರನ್ನೂ ಮುಟ್ಟಿ ಎಣಿಸಿ, ಎಲ್ಲರ ಎದುರು ಸುಡಿಸಬೇಕು. ಒಂದು ಕಡಿಮೆಯಾದರೂ ಅದು ಕೊಲೆ ಕೇಸಿನ ಹಾಗೆಯೇ.

ಮಗುವನ್ನು ಡಾಕ್ಟರಿಗೆ ಮತ್ತೆ ತೋರಿಸು. ಅಕ್ಕನಿಗೆ ನಾನು ಕೇಳಿದೆ ಎಂದು ಹೇಳು.

ನವನೀತ್

ಜುಫೈರ್
9 ಫೆಬ್ರವರಿ 2025

ನವನೀತ,

ಭಾಷಣ ಓದಿದೆ. ರಮ್ಯಳಿಗೂ ಓದಿ ಹೇಳಿದೆ. ಅವಳು ಮಗುವಿಗೆ ಎಣ್ಣೆ ತಿಕ್ಕುತ್ತಾ ಇದ್ದಳು.

ಆ ಸಿಂಹದ ಯಾವ ಕಿವಿ ಹರಿದಿದೆ ಎಂದು ನಿನಗೆ ಗೊತ್ತು. ನಿನ್ನ ಅಕ್ಕನ ಮಗುವಿಗೆ ಯಾವ ಕಣ್ಣಿನ ಕೆಳಗೆ ಮಚ್ಚೆ ಉಂಟು, ಹೇಳು ನೋಡುವ. ಅದರ ಮೂರು ಮರಿ ಎಣಿಸಿದ್ದೀಯ, ನಮ್ಮ ಮನೆಯಲ್ಲಿ ಒಂದು ಸತ್ತು ಒಂದು ಉಳಿದದ್ದು ನಿನ್ನ ಲೆಕ್ಕಕ್ಕೆ ಬರಲಿಲ್ಲ. ಬಹರೈನಿನಲ್ಲೇ ಓದಿಸಿ, ಅಪ್ಪ ಒಲೆಯ ಮುಂದೆ ಕಣ್ಣು ಸುಟ್ಟುಕೊಂಡು ನಿನ್ನನ್ನು ಸಾಕಿದ್ದು ಸಿಂಹದ ಬೆರಳು ಎಣಿಸಲಿಕ್ಕೆ! ಹದಿನೆಂಟರಲ್ಲಿ ಎರಡು ಹೋದರೆ ಆ ಸಿಂಹಕ್ಕೆ ಕುಂಟೇ ಬರುತ್ತದೇನೋ.

ಹೋಗಲಿ ಬಿಡು, ಇಲ್ಲಿನ ಅರಬರು ಅನ್ನುವ ಹಾಗೆ ಖಲ್ಲಿವಲ್ಲಿ. ನೀನು ಕೊಡುವುದಿಲ್ಲ ಅಂದರೆ ಕೊಡುವುದಿಲ್ಲ. ಇನ್ನು ನಿನ್ನ ಹತ್ತಿರ ಕೇಳುವುದಿಲ್ಲ.

ಡೆನ್ನಿಸ್ ಕೈಯಲ್ಲಿ ಪಾರ್ಸೆಲ್ ಕಳಿಸಿದ್ದೇನೆ. ನಿನಗೆ ಉಪ್ಪಿನಕಾಯಿ, ಎರಡು ಬನಿಯನ್. ಆ ಲೆಮಾಯನ್‌ಗೆ ಒಂದು ಒಳ್ಳೆ ಫ್ಲಾಸ್ಕ್, ಬೆಳಿಗ್ಗೆ ಚಹಾ ಹಾಕಿದರೆ ಸಂಜೆಗೂ ಬಿಸಿ ಇರುತ್ತದೆ. ಅವನ ಹೆಂಡತಿಗೆ ನಮ್ಮ ಮಗುವಿಗೆ ಸಣ್ಣದಾದ ಅಂಗಿಗಳು. ಇಸ್ತ್ರಿ ಮಾಡಿಯೇ ಕಳಿಸಿದ್ದೇನೆ. ನನ್ನ ಮಗನನ್ನು ನೋಡಿಕೊಳ್ಳುವವರಲ್ಲವಾ.

ಅಮ್ಮ

ಡೇರೆ ಶಿಬಿರ
18 ಏಪ್ರಿಲ್ 2025

ಅಮ್ಮಾ,

ಡೆನ್ನಿಸ್ ಬರುವವರೆಗೆ ಕಾಯಲಾರದೆ ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ನಾಸೆರಿಯನ್ ಸತ್ತಳು. ಈದ್ ರಜೆಯ ಗುಂಪನ್ನು ಡೆನ್ನಿಸ್ ಕರೆತಂದಿದ್ದ ವಾರವೇ. ಯಾರೋ ಸತ್ತ ಕರುವಿಗೆ ವಿಷ ಸವರಿ ಹೊಳೆಯ ದಂಡೆಯಲ್ಲಿ ಇಟ್ಟಿದ್ದರು. ಬಾಯಲ್ಲಿ ನೊರೆ, ನಾಲ್ಕೂ ಕಾಲು ಸೆಟೆದು ಬಿದ್ದಿದ್ದಳು. ನಾನು ಮಂಡಿಯೂರಿ ಒಂದೊಂದೇ ಪಾದ ಕೈಗೆತ್ತಿಕೊಂಡು ಎಣಿಸಿದೆ. ಹದಿನಾರು. ಮತ್ತೆ ಎಣಿಸಿದೆ. ಮುಂದಿನ ಎಡಗಾಲಿನಲ್ಲಿ ಎರಡು ಬೆರಳಿನ ತುದಿ ಇರಲಿಲ್ಲ. ನೀಟಾಗಿ ಕೊಯ್ದಿದ್ದರು, ಚಾಕು ಹಿಡಿಯಲು ಬಲ್ಲವರ ಕೈ ಅದು.

ವರದಿ ಬರೆದದ್ದು ನಾನೇ. ಹೆಣದ ಹತ್ತಿರ ಮೊದಲು ಹೋದವರು ಯಾರು ಎಂದು ಅಧಿಕಾರಿಗಳು ಕೇಳಿದಾಗ ಲೆಮಾಯನ್ ಮುಂದೆ ಬಂದು ‘ನಾನು’ ಎಂದ. ಉಗುರು ತೆಗೆದವರು? ‘ನಾನು.’ ವಿಷ? ‘ನಾನಲ್ಲ.’ ಉಗುರು ಈಗ ಎಲ್ಲಿ? ಬಾಯಿ ಬಿಡಲಿಲ್ಲ. ನಾನೇ ಅವನ ಎದುರು ನಿಂತು ‘ಯಾರಿಗೆ ಮಾರಿದೆ, ಹೇಳು’ ಎಂದು ಕಿರುಚಿದೆ. ಅವನು ನನ್ನ ಮುಖವನ್ನು ನೋಡಿದ, ನನಗೆ ಅದೆಲ್ಲ ಗೊತ್ತಿದೆ ಎಂಬ ಹಾಗೆ. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು. ಅವನ ಮುಖಕ್ಕೆ ಉಗಿದೆ, ಅಮ್ಮ. ಎಲ್ಲರ ಎದುರು.

ಉಗುರಿಗಾಗಿ ವಿಷ ಇಟ್ಟ ಎಂದು ಕೇಸಾಗಿದೆ. ನನ್ನ ಹೇಳಿಕೆಯೇ ಮುಖ್ಯ ಸಾಕ್ಷಿ. ಮರಿಗಳು ಈಗಲೂ ಅದೇ ದಂಡೆಗೆ ಬಂದು ಕೂರುತ್ತವೆ. ಡೆನ್ನಿಸ್‌ನ ಗುಂಪಿನವರು ಹೊರಡುವ ಮುಂಚೆ ಅವುಗಳ ಜೊತೆ ಸೆಲ್ಫಿ ತೆಗೆಸಿಕೊಂಡು ಹೋದರು. ಪಾಪ, ಅನಾಥ ಮರಿಗಳು ಎಂದು.

ನನಗೆ ಯಾರನ್ನೂ ನಂಬುವುದು ಬೇಡವಾಗಿದೆ.

ನವನೀತ್

ಜುಫೈರ್
6 ಮೇ 2025

ನನ್ನ ಮಗನೇ,

ನಿನ್ನ ಕಾಗದ ಓದಿದೆ. ಗೆಳೆಯ ಕಳ್ಳನಾದ ಅಂತ ಇಷ್ಟು ಸಂಕಟ ಪಡುತ್ತಿದ್ದೀಯಲ್ಲ, ಹೇಳದೆ ಇರಲು ಮನಸ್ಸು ಬರುವುದಿಲ್ಲ. ಅವನು ಕಳ್ಳ ಅಲ್ಲ ಮಾರಾಯ. ಮಾರಲೂ ಇಲ್ಲ. ನನಗೆ ಕೊಟ್ಟ.

ಫೆಬ್ರವರಿಯಲ್ಲಿ ಪಾರ್ಸೆಲ್ ಜೊತೆಗೆ ಡೆನ್ನಿಸ್ ಬಾಯಲ್ಲಿ ಒಂದು ಮಾತೂ ಕಳಿಸಿದ್ದೆ. ‘ನವನೀತನ ಅಕ್ಕನ ಮಗುವಿಗೆ ಬೇಕು, ಅವನು ದೊಡ್ಡ ಹುದ್ದೆಯಲ್ಲಿ ಇದ್ದಾನೆ, ಬಾಯಿಬಿಟ್ಟು ಕೇಳುವ ಹಾಗಿಲ್ಲ, ನೀನೇ ನೋಡಿಕೊಂಡು ಕೊಡಬೇಕಂತೆ, ಅವನ ಹತ್ತಿರ ಈ ಮಾತು ಎತ್ತಬಾರದಂತೆ’ ಅಂತ. ಅವನು ಮೊದಲು ಒಪ್ಪಲಿಲ್ಲವಂತೆ. ‘ಜೀವ ಇರುವುದರಿಂದ ಕೊಡುವುದಿಲ್ಲ. ತಾನಾಗಿ ಸತ್ತದ್ದು ಸಿಕ್ಕಿದರೆ ಆಗ ನೋಡುವ. ನನ್ನ ತಾಯಿಗೆ ಒಮ್ಮೆ ಇಲ್ಲ ಅಂದಾಗಿದೆ, ಇನ್ನೊಬ್ಬ ತಾಯಿಗೂ ಹೇಗೆ ಇಲ್ಲ ಅನ್ನಲಿ’ ಅಂದನಂತೆ. ಎಷ್ಟು ಒಳ್ಳೆ ಹುಡುಗ ನೋಡು. ಈದ್ ಗುಂಪಿನ ಜೊತೆ ವಾಪಸು ಬಂದ ಡೆನ್ನಿಸ್ ಕೈಯಲ್ಲಿ ಒಂದು ಪೊಟ್ಟಣ ಕಾಫಿಪುಡಿ ಕೊಟ್ಟಿದ್ದ. ಡೆನ್ನಿಸ್ ಬಿಚ್ಚಿ ನೋಡಲಿಲ್ಲ, ಒಬ್ಬರು ಕೊಟ್ಟದ್ದನ್ನು ಬಿಚ್ಚಿ ನೋಡುವ ಮರ್ಯಾದೆಗೇಡಿ ಅವನಲ್ಲ. ಪುಡಿಯ ಒಳಗೆ ಎರಡೂ ಇತ್ತು.

ವಿಷ ಅವನು ಹಾಕಲಿಲ್ಲ ಅಂತಾದರೆ ಕೋರ್ಟಿನವರು ಬಿಟ್ಟೇ ಬಿಡುತ್ತಾರೆ. ನೀನು ಸುಮ್ಮನೆ ಕೊರಗಬೇಡ.

ಮೊನ್ನೆ ಮಗುವಿಗೆ ಅನ್ನ ಉಣಿಸಿದೆವು. ಫೋಟೋ ಇಟ್ಟಿದ್ದೇನೆ. ಅಪ್ಪನ ಕೆಲಸ ನೋಡು, ಎರಡು ಉಗುರನ್ನು ಎದುರುಬದುರು ಕೂರಿಸಿ ಬಂಗಾರದ ಬಳ್ಳಿ ಸುತ್ತಿದ್ದಾರೆ. ಅದನ್ನು ಹಾಕಿದ ದಿನದಿಂದ ಮಗು ಬೆಚ್ಚಿಲ್ಲ. ಒಂದು ಸಲವೂ ಇಲ್ಲ. ರಮ್ಯ ಈಗ ನಿದ್ದೆ ಮಾಡುತ್ತಾಳೆ.

ಅಮ್ಮ

ಡೇರೆ ಶಿಬಿರ
20 ಮೇ 2025

ಅಮ್ಮ,

ನಾನು ಉಗಿದದ್ದು ಅವನ ಮುಖಕ್ಕೆ. ಅವನು ನೋಡಿದ್ದು, ಉಗುರು ಕೇಳಿದವನು ನಾನೇ ಎಂದುಕೊಂಡು. ನಾನೇ ಕೇಳಿ ತರಿಸಿಕೊಂಡು, ಆಮೇಲೆ ಅವನನ್ನೇ ಹಿಡಿಸಿ, ಉಗಿದೆ ಎಂದುಕೊಂಡು. ಆದರೂ ನನ್ನ ಹೆಸರು ಹೇಳಲಿಲ್ಲ.

ಜೈಲಿಗೆ ಹೋಗಿ ಎಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ: ‘ಮಗು ಹೇಗಿದೆ?’

ವಕೀಲರಿಗೆ ನಿನ್ನ ಕಾಗದ ತೋರಿಸಿದೆ. ಮಗನಿಗೆ ತಾಯಿ ಬರೆದ ಕಾಗದವನ್ನು ಇಲ್ಲಿ ಯಾರೂ ನಂಬುವುದಿಲ್ಲ, ಫೋಟೋದ ಉಗುರು ಯಾವ ಪ್ರಾಣಿಯದ್ದೂ ಆಗಬಹುದು ಎನ್ನುತ್ತಾರೆ. ಡೆನ್ನಿಸ್ ಫೋನ್ ಎತ್ತುತ್ತಿಲ್ಲ. ಉಗುರುಗಳೇ ವಾಪಸು ಬರಬೇಕು. ಅವು ನಾಸೆರಿಯನ್‌ನವೇ ಎಂದಾದರೆ ಅವನು ಮಾರಿಲ್ಲ, ಮಾರದವನು ವಿಷ ಏಕೆ ಇಡುತ್ತಾನೆ ಎಂದು ವಾದಿಸಬಹುದಂತೆ. ಅದೊಂದೇ ದಾರಿ. ಇಲ್ಲದಿದ್ದರೆ ಅವನ ಮಗು ಅವನನ್ನು ಕಂಬಿಯ ಆಚೆಯಿಂದ ನೋಡುತ್ತಾ ಬೆಳೆಯುತ್ತದೆ.

ಮನಾಮಾದಲ್ಲಿ ಅಧಿಕಾರಿಗಳಿಗೆ ಒಪ್ಪಿಸಿ ಚೀಟಿ ತೆಗೆದುಕೋ. ನಿನ್ನ ಕಾಲಿಗೆ ಬೀಳುತ್ತೇನೆ. ಹುಟ್ಟಿದ ಮೇಲೆ ನಿನ್ನ ಹತ್ತಿರ ಏನನ್ನೂ ಹೀಗೆ ಬೇಡಿಲ್ಲ.

ನವನೀತ್

ಜುಫೈರ್
3 ಜೂನ್ 2025

ನವನೀತ,

ಅಳಬೇಡ. ಕಳಿಸಿದ್ದೇನೆ.

ಅಧಿಕಾರಿಗಳ ಬಾಗಿಲಿಗೆ ಮಾತ್ರ ಹೋಗಲಾರೆ. ಅಳಿಯನಿಗೆ ಹಿದ್‌ನ ಬಂದರಿನಲ್ಲಿ ಕೆಲಸ, ಪೊಲೀಸರ ಹೆಸರು ಬಂದರೆ ಎಲ್ಲರ ವೀಸಾ ಹೋಗುತ್ತದೆ, ರಾತ್ರೋರಾತ್ರಿ ಪೆಟ್ಟಿಗೆ ಕಟ್ಟಬೇಕು. ಬಕ್ರೀದ್ ಗುಂಪಿನ ಜೊತೆ ಡೆನ್ನಿಸ್ ಬರುತ್ತಿದ್ದಾನೆ. ಚಕ್ಕುಲಿ ಡಬ್ಬಿಯ ಅಡಿಯಲ್ಲಿ ಕಾಗದ ಸುತ್ತಿ ಇಟ್ಟಿದ್ದೇನೆ. ಅವನಿಗೆ ಹೇಳಿಲ್ಲ. ಅವನು ತಲುಪಿದ ಕೂಡಲೇ ತೆಗೆದುಕೋ.

ಅಪ್ಪನೇ ಬಂಗಾರ ಬಿಡಿಸಿದರು. ನಾನು ಹಟಮಾರಿ ಇರಬಹುದು, ನನ್ನ ಮಗ ಕಾಲಿಗೆ ಬಿದ್ದರೂ ಕರಗದ ಕಲ್ಲಲ್ಲ. ಆ ಹುಡುಗ ಮನೆಗೆ ಹೋಗಲಿ. ನಸೀಕುಗೆ ತುಪ್ಪ ಕಳಿಸಿದ್ದೇನೆ, ತಿಂಗಳು ತುಂಬುತ್ತಾ ಬಂತಲ್ಲ.

ಅಮ್ಮ

ನೈರೋಬಿ
30 ಆಗಸ್ಟ್ 2025

ಶ್ರೀಮತಿ ಉಮಾವತಿಯವರಿಗೆ,

ಡಬ್ಬಿ ಕೈಗೆ ಬಂದ ದಿನ ನಾನು ಅತ್ತಿದ್ದೆ. ನನ್ನ ಅಮ್ಮ ಎಂದು ವಕೀಲರ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ನ್ಯಾಯಾಧೀಶರ ಎದುರು ಪ್ರಮಾಣ ಮಾಡಿ, ಇವು ನಾಸೆರಿಯನ್‌ನ ಉಗುರುಗಳು ಎಂದು ನನ್ನ ಕೈಯಾರೆ ಒಪ್ಪಿಸಿದೆ.

ಪ್ರಯೋಗಾಲಯದವರು ಒಂದನ್ನು ಪುಡಿ ಮಾಡಿ ನೋಡಿದರು. ಕೋಣದ ಕೊಂಬು.

ಕೋರ್ಟಿನಲ್ಲಿ ಕೆಲವರು ನಕ್ಕರು. ನಿಜವಾದವನ್ನು ಮಾರಿಕೊಂಡು ಗೆಳೆಯನ ಕೈಯಲ್ಲಿ ಸುಳ್ಳು ಉಗುರು ತರಿಸಿದ ಎಂದು ತೀರ್ಪಾಯಿತು. ಲೆಮಾಯನ್‌ಗೆ ಹತ್ತು ವರ್ಷ. ತೀರ್ಪು ಓದುವಾಗ ಅವನು ನನ್ನ ಕಡೆ ನೋಡಲಿಲ್ಲ. ನನ್ನ ಕೆಲಸ ಹೋಯಿತು. ಸುಳ್ಳು ಸಾಕ್ಷಿಯ ಕೇಸು ಬಿದ್ದಿದೆ, ಪಾಸ್‌ಪೋರ್ಟ್ ಅವರ ಹತ್ತಿರ ಇದೆ. ಬಹರೈನಿನ ಗುಂಪುಗಳು ಈಗ ಬೇರೆ ಶಿಬಿರಕ್ಕೆ ಹೋಗುತ್ತವಂತೆ. ಅಲ್ಲಿ ಜೀಪುಗಳಿಗೆ ಲೆಕ್ಕ ಇಲ್ಲವಂತೆ. ಮರಿಗಳಲ್ಲಿ ಒಂದು ಉಳಿದಿದೆ ಎಂದು ಯಾರೋ ಹೇಳಿದರು. ನೋಡಲು ನನಗೆ ಅಲ್ಲಿಗೆ ಪ್ರವೇಶವಿಲ್ಲ.

ನಸೀಕು ಹಸುಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಕೋರ್ಟಿಗೆ ಬಂದಿದ್ದಳು. ಹೆಣ್ಣು ಮಗು. ಆ ಗದ್ದಲದಲ್ಲಿ ಅದು ನಿದ್ದೆಯಲ್ಲಿ ಬೆಚ್ಚಿ ಬೆಚ್ಚಿ ಬೀಳುತ್ತಿತ್ತು. ಹೊರಗೆ ಬಂದಮೇಲೆ ನನ್ನ ಕೈಗೆ ನಿಮ್ಮ ಫ್ಲಾಸ್ಕನ್ನೂ ಅಂಗಿಗಳನ್ನೂ ಕೊಟ್ಟಳು. ತೊಳೆದು, ಒಣಗಿಸಿ, ಮಡಚಿ ತಂದಿದ್ದಳು. ಅವನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ.

ಮೇಲಿನ ಕೋರ್ಟಿಗೆ ಹೋಗಲು ಇನ್ನೊಂದು ಅವಕಾಶ ಇದೆ, ಅದೇ ಕೊನೆಯದು. ನಿಜವಾದ ಉಗುರುಗಳು ಬೇಕು. ಮಗುವಿನ ಕತ್ತಿನಿಂದ ತೆಗೆದು ಕಳಿಸಿ. ಇದನ್ನು ಮಗನಾಗಿ ಕೇಳುತ್ತಿಲ್ಲ, ಆ ಸಲುಗೆ ಮುಗಿಯಿತು.

ನವನೀತ್

ಜುಫೈರ್
26 ಸೆಪ್ಟೆಂಬರ್ 2025

ನವನೀತ,

ಹೆತ್ತವಳಿಗೆ ‘ಶ್ರೀಮತಿ’ ಅಂತ ಬರೆದಿದ್ದೀಯ. ಬರಿ. ನಾನು ನವನೀತ ಅಂತಲೇ ಬರೆಯುತ್ತೇನೆ.

ಹೌದು, ಕೊಂಬೇ. ಅಪ್ಪ ನಿಜದ್ದನ್ನು ಎದುರು ಇಟ್ಟುಕೊಂಡು ವಾರವಿಡೀ ಕೂತು ಅರೆದರು. ಅಷ್ಟು ಚಂದ ಅವರು ಯಾವತ್ತೂ ಮಾಡಿದ್ದಿಲ್ಲ. ಮುಗಿದ ಮೇಲೆ ಯಾವುದು ಯಾವುದು ಅಂತ ನನಗೇ ಗೊತ್ತಾಗಲಿಲ್ಲ, ಅವರೇ ಆರಿಸಿ ಕೊಡಬೇಕಾಯಿತು. ಕೋರ್ಟಿನವರು ನೋಡಿ, ಸರಿ, ಇದೇ ಅಂದು ಅವನನ್ನು ಬಿಡುತ್ತಾರೆ ಅಂದುಕೊಂಡೆವು. ಇಷ್ಟು ವರ್ಷ ಅಂಗಡಿಗೆ ಬಂದವರು ಒಬ್ಬರಾದರೂ ಪುಡಿ ಮಾಡಿ ನೋಡಿದ್ದುಂಟಾ? ಪುಡಿ ಮಾಡುವ ಜನ ಇದ್ದಾರೆ ಅಂತ ನಮಗೆ ಎಲ್ಲಿಂದ ಗೊತ್ತಾಗಬೇಕು? ಮೊದಲೇ ಹೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ. ನಿನ್ನ ಸತ್ಯದ ಚಟ ನನಗೆ ಗೊತ್ತಿಲ್ಲವಾ?

ಅಪ್ಪ ಆಮೇಲೆ ಕೆಲಸಕ್ಕೆ ಕೂತಿಲ್ಲ. ನಿನ್ನ ಕಾಗದ ಓದಿ ‘ಕೊಟ್ಟುಬಿಡುವ ಉಮಾ’ ಅಂದರು. ನಾನು ಮಗುವನ್ನು ಎತ್ತಿಕೊಂಡು ಬಂದು ಅವರ ತೊಡೆಯ ಮೇಲೆ ಕೂರಿಸಿದೆ. ‘ತೆಗೆಯಿರಿ, ನಿಮ್ಮ ಕೈಯಾರೆ ತೆಗೆಯಿರಿ’ ಅಂದೆ. ಮಗು ಅವರ ಗಡ್ಡ ಹಿಡಿದು ನಕ್ಕಿತು. ಅವರಿಂದ ಆಗಲಿಲ್ಲ.

ಹಾಗಾಗಿ ಇಲ್ಲ, ನವನೀತ. ಕೊಡುವುದಿಲ್ಲ. ನನ್ನನ್ನು ಬಯ್ಯಿ, ಮುಖಕ್ಕೆ ಉಗಿ, ನಿನಗೆ ಅದೂ ಅಭ್ಯಾಸ ಆಗಿದೆಯಲ್ಲ. ನಿನ್ನ ಗೆಳೆಯ ಜೈಲಲ್ಲಿದ್ದಾನೆ, ಉಸಿರಾಡುತ್ತಾನೆ, ಒಂದು ದಿನ ಹೊರಗೆ ಬರುತ್ತಾನೆ. ರಮ್ಯಳ ಮೊದಲನೆಯದು ಬರುವುದಿಲ್ಲ. ನನಗೆ ಇಷ್ಟೇ ತಿಳಿಯುವುದು, ಇದಕ್ಕಿಂತ ಹೆಚ್ಚು ತಿಳಿಯುವುದು ಬೇಡ.

ಮಗುವಿಗೆ ಎರಡು ಹಲ್ಲು ಬಂದಿದೆ. ಉಗುರನ್ನು ಬಾಯಿಗಿಟ್ಟು ಕಚ್ಚುತ್ತಾ ಇರುತ್ತದೆ, ಥೇಟ್ ನಿನ್ನ ಹಾಗೆ.

ಫ್ಲಾಸ್ಕ್ ಬಂತು. ಒಳ್ಳೆ ತೊಳೆದಿದ್ದಾಳೆ, ವಾಸನೆ ಸಹ ಇಲ್ಲ. ಬೆಳಿಗ್ಗೆ ಚಹಾ ಹಾಕಿಟ್ಟೆ, ಸಂಜೆ ಅಪ್ಪನಿಗೆ ಕೊಡುವಾಗಲೂ ಬಿಸಿ ಇತ್ತು.

ಅವಳ ಮಗು ಬೆಚ್ಚುತ್ತದೆ ಅಂತ ಬರೆದಿದ್ದೀಯ. ಓದಿ ಬೇಸರವಾಯಿತು. ಹೆತ್ತವಳ ಕಷ್ಟ ನನಗೆ ಗೊತ್ತುಂಟು. ಕೋರ್ಟಿನವರು ಪುಡಿ ಮಾಡಿದ್ದು ಒಂದನ್ನು ಅಲ್ಲವಾ, ಇನ್ನೊಂದು ಅಲ್ಲೇ ಇರಬೇಕು. ಕೇಸು ಮುಗಿದ ಮೇಲೆ ಅವರಿಗೆ ಅದರಿಂದ ಎಂತ ಉಪಯೋಗ? ಕೇಳಿ ತೆಗೆದುಕೊಂಡು ಹೋಗಿ ಆ ಮಗುವಿಗೆ ಕಟ್ಟು. ಬಂಗಾರವೆಲ್ಲ ಬೇಡ, ಕಪ್ಪು ದಾರ ಸಾಕು.

ಅಮ್ಮ